ತೊಂಬತ್ತರ ಲೆನ್ಸ್ ಕೊಂಡವನು

"ಗುರುಗಳೇ, ಸುಧೀಂದ್ರ ತನ್ನ ಚೀಲ ಬಿಚ್ಚಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಅವನ ಹತ್ತಿರ ಇರುವ ಲೆನ್ಸ್ ನಾನೂ ಕೊಂಡರೆ ಈ ಉರಿ ಆರುತ್ತದೆಯೇ?" ಎಂದು ಚಂದ್ರಮೌಳಿ ಕೇಳಿದ.

ಅವನು ಕೇಳಿದ್ದು ಶಂಭುಲಿಂಗ ಮೇಷ್ಟ್ರನ್ನು. ರೀಲು ಹಾಕುವ ಹಳೆಯ ಕ್ಯಾಮೆರಾಗಳಲ್ಲಿ ಚಿತ್ರ ತೆಗೆಯುವುದನ್ನು ಕಲಿಸುವವರು ಅವರು. ಚಂದ್ರಮೌಳಿ, ಸುಧೀಂದ್ರ ಇಬ್ಬರೂ ಅವರ ಶಿಷ್ಯರು. ಮೇಷ್ಟ್ರು ಒರೆಸುತ್ತಿದ್ದ ಲೆನ್ಸನ್ನು ಬಟ್ಟೆಯ ಮೇಲಿಟ್ಟು ಶಿಷ್ಯನ ಮುಖ ನೋಡಿದರು.

"ಪರವಾಗಿಲ್ಲ, ಹೊಟ್ಟೆ ಉರಿ ಎಂದು ಅದರ ಹೆಸರು ಹಿಡಿದೇ ಹೇಳಿದೆ. ಬಹಳ ಜನ ಇದನ್ನೇ ಕಲೆಯ ಮೇಲಿನ ಪ್ರೀತಿ ಎನ್ನುತ್ತಾರೆ. ಕೂತುಕೋ, ಒಂದು ಕತೆ ಹೇಳುತ್ತೇನೆ. ಮಧ್ಯೆ ಬಾಯಿ ಹಾಕಬೇಡ."

ಮೇಷ್ಟ್ರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಅವನಿಗೊಬ್ಬ ಗೆಳೆಯ. ಗೆಳೆಯನೂ ಫೋಟೋಗ್ರಾಫರನೇ. ಊರಿನ ಹಳೆಯ ಸ್ಟುಡಿಯೋ ಒಂದು ಬಾಗಿಲು ಮುಚ್ಚಿದಾಗ ಇಬ್ಬರೂ ಅಲ್ಲಿಂದ ಒಂದೊಂದು ರೇಂಜ್‌ಫೈಂಡರ್ ಕ್ಯಾಮೆರಾ ತಂದುಕೊಂಡರು. ಎರಡೂ ಒಂದೇ ಬಗೆಯವು. ಎರಡಕ್ಕೂ ಐವತ್ತರ, ಅಂದರೆ ಐವತ್ತು ಮಿಲಿಮೀಟರಿನ ಲೆನ್ಸ್. ಗೆಳೆಯ ತನ್ನದನ್ನು ಒಂದು ಬಟ್ಟೆ ಚೀಲದಲ್ಲಿ ಟವೆಲಿನಲ್ಲಿ ಸುತ್ತಿಟ್ಟುಕೊಂಡು ಓಡಾಡುತ್ತಿದ್ದ. ಫೋಟೋಗ್ರಾಫರನೂ ಮೊದಮೊದಲು ಹಾಗೆಯೇ ಇದ್ದ.

ಗೆಳೆಯನ ಚಿತ್ರ ಕೈಗೆ ಬಂದರೆ ಜನ ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಇವನ ಚಿತ್ರ ಕೈಗೆ ಬಂದರೆ "ಚೆನ್ನಾಗಿದೆ" ಎನ್ನುತ್ತಿದ್ದರು. ಚೆನ್ನಾಗಿದೆ ಎಂದರೆ ಯಾರಿಗಾದರೂ ಸಂತೋಷವಾಗಬೇಕು. ಇವನಿಗೆ ಆ ಮಾತು ಚುಚ್ಚುತ್ತಿತ್ತು. ಗೆಳೆಯನಿಗೆ ಸಿಗುವ ಆ ಸುಮ್ಮನಿರುವಿಕೆ ತನಗೆ ಬೇಕು ಎಂದು ಒಳಗೊಳಗೇ ಬೇಯುತ್ತಿದ್ದ. ಗೆಳೆಯನ ಜೊತೆ ಕೂತು ಚಹಾ ಕುಡಿಯುವಾಗಲೂ ಕಣ್ಣು ಅವನ ಚೀಲದ ಮೇಲೆಯೇ. ಏನೋ ಇಟ್ಟುಕೊಂಡಿದ್ದಾನೆ, ನನಗೆ ತೋರಿಸುತ್ತಿಲ್ಲ ಎಂದುಕೊಳ್ಳುತ್ತಿದ್ದ. ಗೆಳೆಯ ಎದ್ದು ಕೈ ತೊಳೆಯಲು ಹೋದಾಗ ಚೀಲದೊಳಗೆ ಕೈ ಹಾಕಿಯೂ ನೋಡಿದ. ಕ್ಯಾಮೆರಾ ಮತ್ತು ಟವೆಲ್ ಬಿಟ್ಟರೆ ಬೇರೇನೂ ಸಿಗಲಿಲ್ಲ. ಅದರಿಂದ ಅನುಮಾನ ಕಡಿಮೆಯಾಗಬೇಕಿತ್ತು, ಹೆಚ್ಚಾಯಿತು.

ಈ ಫೋಟೋಗ್ರಾಫರನಿಗೆ ತಾಯಿ ಇದ್ದಳು. ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ನಂಬಿದವಳು. ಊರಿನವರ ಮುಖವನ್ನೆಲ್ಲ ತೆಗೆದ ಮಗ ಅವಳತ್ತ ಕ್ಯಾಮೆರಾ ಎತ್ತಿದರೆ ಸೆರಗು ಎಳೆದುಕೊಂಡು ಅಡುಗೆಮನೆಗೆ ನಡೆದುಬಿಡುತ್ತಿದ್ದಳು. ಹೀಗಿರುವಾಗ ದೂರದ ಊರಿನಲ್ಲಿ ಹಾಸಿಗೆ ಹಿಡಿದಿದ್ದ ಅವಳ ಅಕ್ಕ ಒಂದು ಮಾತು ಹೇಳಿ ಕಳಿಸಿದಳು. ನಾನು ಬರಲಾರೆ, ನೀನೂ ಬರಲಾರೆ, ನಿನ್ನ ಮುಖ ಒಮ್ಮೆ ನೋಡಬೇಕು, ಒಂದು ಫೋಟೋ ಕಳಿಸು ಎಂದು. ಮಂಡಿ ನೋವಿನಿಂದ ಬಸ್ಸು ಹತ್ತಲಾರದ ತಾಯಿಗೆ ಆಯಸ್ಸಿನ ಲೆಕ್ಕಕ್ಕಿಂತ ಅಕ್ಕ ದೊಡ್ಡವಳಾದಳು.

ಆ ದಿನ ಗೆಳೆಯ ಯಾವುದೋ ಸ್ಟ್ಯಾಂಡು ಹಿಂದಿರುಗಿಸಲು ಮನೆಗೆ ಬಂದಿದ್ದ. ತಾಯಿ ಅವನನ್ನೇ ಹಿಡಿದು ನಿಲ್ಲಿಸಿದಳು.

"ಹೇಗೂ ಬಂದಿದ್ದೀಯ, ಒಂದು ತೆಗೆದುಬಿಡಪ್ಪ. ನನ್ನ ಮಗನಿಗೆ ಹೇಳಿದರೆ ಲೈಟು, ಪರದೆ ಅಂತ ಮನೆ ತುಂಬ ಹರಡುತ್ತಾನೆ."

ಗೆಳೆಯ ಅವಳನ್ನು ನಡುಮನೆಯ ಕಂಬಕ್ಕೆ ಒರಗಿಸಿ ಕೂರಿಸಿದ. ತಾನು ನೆಲದ ಮೇಲೆ ಕೂತು ಕ್ಯಾಮೆರಾ ಕಣ್ಣಿಗಿಟ್ಟ. ಅವಳು ಮುಖ ಬಿಗಿದುಕೊಂಡು ಕೂತಳು. ಅದೇ ಹೊತ್ತಿಗೆ ಊಟಕ್ಕೆಂದು ಮಗ ಮನೆಗೆ ಬಂದ. ಹೊಸ್ತಿಲಲ್ಲಿ ನಿಂತವನಿಗೆ ಕಂಡದ್ದು ಎರಡೇ, ಗೆಳೆಯನ ಕೈಯಲ್ಲಿ ಕ್ಯಾಮೆರಾ, ತಾಯಿಯ ಮುಖದಲ್ಲಿ ನಗು. ಅವಳು ಸೆರಗು ಎಳೆದುಕೊಂಡಿರಲಿಲ್ಲ. ಬಾಯಿ ತುಂಬ ನಗುತ್ತಿದ್ದಳು. ಕ್ಯಾಮೆರಾ ಕ್ಲಿಕ್ ಎಂದಿತು. ಮಗ ಊಟಕ್ಕೆ ಕೂರದೆ ಬಂದ ದಾರಿಯಲ್ಲೇ ಹಿಂದಿರುಗಿದ.

ನೋಡು, ಇಲ್ಲಿಯವರೆಗೆ ಅವನದು ಕಸುಬಿನ ಹೊಟ್ಟೆಕಿಚ್ಚು. ಅದಕ್ಕಾದರೂ ಮದ್ದಿದೆ. ನನ್ನನ್ನು ಕಂಡರೆ ಸೆರಗು ಎಳೆದುಕೊಳ್ಳುವ ನನ್ನ ತಾಯಿ ಅವನಿಗೆ ನಕ್ಕಳಲ್ಲ ಎಂಬುದು ಬೇರೆ. ಅದು ಹೊಕ್ಕರೆ ಮನುಷ್ಯನನ್ನು ಮಲಗಲು ಬಿಡುವುದಿಲ್ಲ.

ಗೆಳೆಯ ಚಿತ್ರವನ್ನು ತೊಳೆದು ತಂದುಕೊಟ್ಟ. ನೆಗೆಟಿವನ್ನೂ ಕತ್ತರಿಸಿ ಜೊತೆಗಿಟ್ಟಿದ್ದ. ನಿಮ್ಮ ತಾಯಿಯ ಮುಖ, ನಿಮ್ಮ ಮನೆಯಲ್ಲೇ ಇರಲಿ ಎಂದ. ಮಗ ಚಿತ್ರ ನೋಡಿದ. ಅವನೂ ಒಂದು ಗಳಿಗೆ ಸುಮ್ಮನಾದ. ತಾನು ಸುಮ್ಮನಾದದ್ದು ಗೊತ್ತಾದ ಕೂಡಲೇ ಮೈಯೆಲ್ಲ ಉರಿಯಿತು.

"ಯಾವ ಲೆನ್ಸಿನಲ್ಲಿ ತೆಗೆದೆ?" ಎಂದು ಕೇಳಿದ.

"ನಿನ್ನ ಹತ್ತಿರ ಇರುವುದೇ ಕಣೋ, ಐವತ್ತು."

ಅವನು ನಂಬಲಿಲ್ಲ. ದೊಡ್ಡದು ಮಾಡಿ ನಾನೇ ದೊಡ್ಡಮ್ಮನಿಗೆ ಕಳಿಸುತ್ತೇನೆ ಎಂದು ತಾಯಿಗೆ ಹೇಳಿ ಚಿತ್ರವನ್ನು ತನ್ನ ಕೋಣೆಯಲ್ಲಿ ಇಟ್ಟುಕೊಂಡ. ಭೂತಗನ್ನಡಿ ಹಿಡಿದು ಅವಳ ಹುಬ್ಬಿನ ಕೂದಲು ನೋಡಿದ, ಕಂಬದ ಅಂಚು ನೋಡಿದ. ಕಳಿಸಿದೆಯಾ ಎಂದು ತಾಯಿ ಕೇಳಿದಾಗಲೆಲ್ಲ ಕಳಿಸುತ್ತೇನೆ ಎಂದ. ಕಳಿಸಲಿಲ್ಲ. ಆ ಚಿತ್ರವನ್ನು ದೊಡ್ಡಮ್ಮ ನೋಡಿ ಇದನ್ನು ತೆಗೆದವರು ಯಾರು ಎಂದು ಕೇಳುವುದು ಅವನಿಗೆ ಬೇಕಿರಲಿಲ್ಲ.

ಅವನು ದೂರದ್ದನ್ನು ಹತ್ತಿರಕ್ಕೆ ತರುವ ತೊಂಬತ್ತರ ಲೆನ್ಸ್ ಕೊಂಡ. ಮುಖಕ್ಕೆ ಅದೇ ಸರಿ ಎಂದು ಅಂಗಡಿಯವನು ಹೇಳಿದ, ಸುಳ್ಳೇನಲ್ಲ. ಆದರೆ ಈ ಕ್ಯಾಮೆರಾದಲ್ಲಿ ನಾವು ಲೆನ್ಸಿನ ಮೂಲಕ ನೋಡುವುದಿಲ್ಲ, ಪಕ್ಕದ ಕಿಟಕಿಯ ಮೂಲಕ ನೋಡುತ್ತೇವೆ. ತೊಂಬತ್ತು ಹಾಕಿದರೆ ಆ ಕಿಟಕಿಯೊಳಗಿನ ಚೌಕಟ್ಟು ಅಂಚೆ ಚೀಟಿಯಷ್ಟಾಗುತ್ತದೆ. ಹಾಗಾಗಿ ಕ್ಯಾಮೆರಾದ ನೆತ್ತಿಯ ಮೇಲೆ ಕೂರಿಸುವ ಬೇರೊಂದು ವ್ಯೂಫೈಂಡರ್ ಬೇಕಾಯಿತು. ಬೆಳಕು ಅಡ್ಡ ಹೊಡೆಯಬಾರದೆಂದು ಲೆನ್ಸಿನ ಮುಂದೆ ಕೊಳವೆಯಂಥ ಉದ್ದನೆಯ ಹುಡ್ ಬೇಕಾಯಿತು. ಗಾಜಿಗೆ ಧೂಳು ಕೂರಬಾರದೆಂದು ಹುಡ್ಡಿನೊಳಗೆ ಕೂರುವ ಕಪ್ಪು ಮುಚ್ಚಳ ಬಂತು. ಇವೆಲ್ಲ ಇಡಲು ಒಳಗೆ ಮೆತ್ತನೆಯ ಗೂಡುಗಳಿರುವ ತೊಗಲಿನ ಚೀಲ ಬಂತು. ಆ ಚೀಲ ಹೆಗಲಿಗೇರಿಸಿಕೊಂಡು ಅವನು ಗೆಳೆಯನ ಮನೆಯ ಬೀದಿಯಲ್ಲಿ ಬೇಕೆಂದೇ ಹಾದುಹೋದ. ಗೆಳೆಯ ಹೊರಗೆ ಬಂದು ಚೀಲ ಚೆನ್ನಾಗಿದೆಯಲ್ಲೋ ಎಂದ. ಅಷ್ಟಕ್ಕೇ ಇವನಿಗೆ ಎದೆಯುಬ್ಬಿತು, ಪಾಪ.

ಮನೆಗೆ ಬಂದು ತಾಯಿಯನ್ನು ಅದೇ ಕಂಬಕ್ಕೆ ಒರಗಿಸಿ ಕೂರಿಸಿದ. ದೊಡ್ಡಮ್ಮನಿಗೆ ಕಳಿಸಲು ಇನ್ನೂ ಒಳ್ಳೆಯದು ತೆಗೆಯುತ್ತೇನೆ ಎಂದ. ಅವಳು ಒಪ್ಪಿದಳು.

"ಅವನಿಗೆ ನಕ್ಕ ಹಾಗೆ ನಗಮ್ಮ" ಎಂದ.

"ನಗು ಅಂದರೆ ನಗಲಿಕ್ಕೆ ನಾನೇನು ಕೀಲುಗೊಂಬೆಯೇನೋ?"

ಅವನು ಗದರಿದ, ಬೇಡಿದ. ಅವಳಿಗೇ ಅಯ್ಯೋ ಎನ್ನಿಸಿ ಕೊನೆಗೆ ಒಂದಿಷ್ಟು ನಕ್ಕಳು. ಅವನು ನೆತ್ತಿಯ ವ್ಯೂಫೈಂಡರಿನಲ್ಲಿ ಕಣ್ಣಿಟ್ಟು ರೀಲು ಮುಗಿಯುವವರೆಗೂ ತೆಗೆದ. ಅದರೊಳಗೆ ತಾಯಿಯ ಮುಖ ಸ್ಪಷ್ಟವಾಗಿ, ಬೆಳಗುವ ಹಾಗೆ ಕಾಣುತ್ತಿತ್ತು. ಗೆದ್ದೆ ಎಂದುಕೊಂಡ.

ಗೆದ್ದವನು ಮೊದಲು ರೀಲು ತೊಳೆಯಬೇಕಿತ್ತಲ್ಲವೇ? ಅವನು ಮೊದಲು ಮಾಡಿದ್ದು ಬೇರೆ. ಗೆಳೆಯ ಕೊಟ್ಟ ಚಿತ್ರವನ್ನೂ ನೆಗೆಟಿವನ್ನೂ ತೆಗೆದುಕೊಂಡು ಹೋಗಿ ಬಚ್ಚಲ ಒಲೆಗೆ ಹಾಕಿದ. ಇನ್ನು ಈ ಮನೆಯಲ್ಲಿ ನನ್ನ ಕೈಯ ಚಿತ್ರ ಮಾತ್ರ ಇರಬೇಕು ಎಂದುಕೊಂಡ. ಅದು ಪೂರ್ತಿ ಉರಿಯುವವರೆಗೆ ಅಲ್ಲೇ ಕುಕ್ಕುರುಗಾಲಿನಲ್ಲಿ ಕೂತಿದ್ದ. ಬಹಳ ದಿನದ ಮೇಲೆ ಮನಸ್ಸಿಗೆ ಹಾಯೆನಿಸಿತು.

ಆಮೇಲೆ ರೀಲು ತೊಳೆದ. ನೇತು ಹಾಕಲು ಎತ್ತಿದರೆ ಅದರ ಮೇಲೆ ಏನೂ ಇರಲಿಲ್ಲ. ಆ ತುದಿಯಿಂದ ಈ ತುದಿಯವರೆಗೆ ಗಾಜಿನಂತೆ ಖಾಲಿ. ಕ್ಯಾಮೆರಾ ತೆಗೆದು ನೋಡಿದ. ಹುಡ್ಡಿನ ಆಳದಲ್ಲಿ ಕಪ್ಪು ಮುಚ್ಚಳ ಹಾಗೆಯೇ ಕೂತಿತ್ತು. ಬೇರೆ ಕ್ಯಾಮೆರಾ ಆಗಿದ್ದರೆ ಕಣ್ಣಿಟ್ಟ ಕೂಡಲೇ ಕತ್ತಲೆ ಕಂಡು ಗೊತ್ತಾಗುತ್ತಿತ್ತು. ಇದರಲ್ಲಿ ಲೆನ್ಸು ಮುಚ್ಚಿದ್ದರೂ ಕಿಟಕಿ ತೆರೆದೇ ಇರುತ್ತದೆ, ನೋಡುವವನಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ನಮ್ಮ ಕಸುಬಿನಲ್ಲಿ ಒಮ್ಮೆಯಾದರೂ ಈ ತಪ್ಪು ಮಾಡದವರು ಯಾರಿದ್ದಾರೆ? ತಪ್ಪು ದೊಡ್ಡದಲ್ಲ. ನಾಳೆ ಮತ್ತೆ ಕೂರಿಸಿದರಾಯಿತು ಎಂದುಕೊಂಡ ಅವನು.

ಮರುದಿನ ತಾಯಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು. ಬಲಗೈ ಬಿದ್ದುಹೋಯಿತು, ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಆ ಬಾಯಿಯಲ್ಲಿ ಮಾತು ತೊದಲುತ್ತಿತ್ತು, ನಗು ಬರುತ್ತಿರಲಿಲ್ಲ. ಮಗ ಹತ್ತಿರ ಬಂದಾಗಲೆಲ್ಲ ಅವಳು ಕಷ್ಟಪಟ್ಟು ಒಂದೇ ಮಾತು ಕೇಳುತ್ತಿದ್ದಳು, ಅಕ್ಕನಿಗೆ ಫೋಟೋ ಹೋಯಿತೇ ಎಂದು. ಈಗ ಅವಳನ್ನು ಕ್ಯಾಮೆರಾ ಮುಂದೆ ಕೂರಿಸಿ, ಈ ಮುಖವನ್ನು ತೆಗೆದು, ಹಾಸಿಗೆ ಹಿಡಿದ ಅಕ್ಕನಿಗೆ ಕಳಿಸುವುದೇ? ಅವನ ಕೈ ಬರಲಿಲ್ಲ. ತೊಗಲಿನ ಚೀಲ ಮೂಲೆಯಲ್ಲಿ ಬಿದ್ದಿತ್ತು, ಅವನು ಅದರ ಕಡೆ ನೋಡಲೂ ಇಲ್ಲ.

ಬೇರೆ ದಾರಿ ಕಾಣದೆ ಗೆಳೆಯನ ಮನೆಗೆ ಹೋದ. ಇನ್ನೊಂದು ಪ್ರಿಂಟ್ ಇದೆಯೇ ಎಂದು ಕೇಳಿದ. ಇಲ್ಲ, ನೆಗೆಟಿವನ್ನೂ ನಿನಗೇ ಕೊಟ್ಟೆನಲ್ಲ ಎಂದ ಗೆಳೆಯ. ಆಗ ಇವನು ಒಲೆಗೆ ಹಾಕಿದ್ದನ್ನು ಹೇಳಿದ. ಯಾಕೆ ಹಾಕಿದೆ ಎಂಬುದನ್ನೂ ಮುಚ್ಚಿಡದೆ ಹೇಳಿ ಅತ್ತ. ಗೆಳೆಯ ಬೈಯಲಿಲ್ಲ. ಎದ್ದು ಒಂದು ಲೋಟ ನೀರು ತಂದು ಇವನ ಮುಂದಿಟ್ಟ.

ಇವನು ನೀರು ಕುಡಿದ. ಮುಖ ಒರೆಸಿಕೊಂಡ. ಅಷ್ಟೆಲ್ಲ ಆದ ಮೇಲೂ ಅವನ ಉರಿ ಆರಿರಲಿಲ್ಲ ನೋಡು. ನನಗೊಂದು ಹೇಳು, ಹೆತ್ತ ಮಗ ಬೇಡಿದರೂ ಹಾಗೆ ನಗದವಳು ನಿನಗೆ ನಕ್ಕಳಲ್ಲ, ಅಂಥದ್ದು ಏನು ಮಾಡಿದೆ ನೀನು ಎಂದು ಕೇಳಿದ.

ಮೇಷ್ಟ್ರು ಇಲ್ಲಿಗೆ ಕತೆ ನಿಲ್ಲಿಸಿ, ಬಟ್ಟೆಯ ಮೇಲಿದ್ದ ಲೆನ್ಸನ್ನು ಎತ್ತಿಕೊಂಡು ಮತ್ತೆ ಒರೆಸತೊಡಗಿದರು. ಚಂದ್ರಮೌಳಿ ಕಾದ. ಅವರು ಮುಂದುವರಿಸುವ ಹಾಗೆ ಕಾಣಲಿಲ್ಲ.

"ಅದಕ್ಕೆ ಗೆಳೆಯ ಏನೆಂದ, ಗುರುಗಳೇ?"

"ನಾನೇನೂ ಮಾಡಲಿಲ್ಲ ಕಣೋ, ನೀನು ಬಂದು ಹೊಸ್ತಿಲಲ್ಲಿ ನಿಂತೆ, ನಿನ್ನನ್ನು ಕಂಡು ನಕ್ಕಳು ಎಂದ."