ಬಗ್ಗದ ಶಾಕ್ ಅಬ್ಸಾರ್ಬರ್

ಪಕ್ಕದ್ಮನೆ ನಾಣಯ್ಯಂಗೆ ಕೊಯ್ಲಾದ ಗದ್ದೇಲಿ ಕಾರು ರೇಸ್ ಓಡ್ಸೋ ಹುಚ್ಚು. ಈ ಸಲ ಕಾರಿನ ಹಳೇ ಮೆತ್ತನೆ ಶಾಕ್ ಅಬ್ಸಾರ್ಬರ್ ಬಿಚ್ಚಿಸಿ ಶೆಡ್ಡಿನ ಮೂಲೆಗೆ ಎಸ್ದು, ಕೆಂಪು ಬಣ್ಣದ ಹೊಸದು ಹಾಕಿಸ್ದ. ಬಾನೆಟ್ ಮೇಲೆ ಕೂತು ಕುಲುಕಾಡಿದ್ರೂ ಅದು ಒಂಚೂರೂ ಇಳೀಲಿಲ್ಲ. "ಇದು ಗಂಡಸ್ರ ಮಾಲು ಮಾರಾಯ," ಅಂತ ಮೆಕ್ಯಾನಿಕ್ ಹತ್ರ ಕೊಚ್ಕೊಂಡ. ಹೆಂಡ್ತಿ ಮಾತಿಗೂ ಬಗ್ಗದೋನಿಗೆ ಅಂಥದ್ದೇ ಬೇಕಿತ್ತು ಅನ್ನಿ.

ಮೂಲೇಲಿದ್ದ ಹಳೇದು ಹೊಸದಕ್ಕೆ ಹೇಳ್ತು, "ಗದ್ದೆ ಬದು ಬಂದಾಗ ಬಗ್ಗು ತಮ್ಮಾ. ಆ ಪೆಟ್ಟು ತಿನ್ನೋಕೇ ನಮ್ಮನ್ನ ಹಾಕಿರೋದು."

"ನಿನ್ನ ಹಂಗೆ ಎಲ್ರಿಗೂ ಬಗ್ಗಿ ಮೂಲೆ ಸೇರೋಕೆ ನಾನು ಬಂದಿಲ್ಲ ಅಜ್ಜಾ."

"ನೀನು ತಿನ್ನದಿದ್ರೆ ಮೇಲೆ ಕೂತೋರು ತಿಂತಾರೆ."

"ಅದು ಅವ್ರ ಹಣೆಬರಹ."

ರೇಸಲ್ಲಿ ಕಾರು ಬದು ಹಾರಿ ಬಿತ್ತು. ಹೊಸದು ಬಗ್ಗಲಿಲ್ಲ. ಪೆಟ್ಟು ನೆಟ್ಟಗೆ ಮೇಲೇರಿ ಕಾರಿನ ಅಡಿ ಸೀಳ್ತು, ನಾಣಯ್ಯನ ಬೆನ್ನುಮೂಳೆ ಮುರೀತು. ಈಗ ಅವನು ಮಗ್ಗುಲು ಹೊರಳ್ಬೇಕಂದ್ರೂ ಹೆಂಡ್ತಿ ಬೊಳ್ಳಮ್ಮನೇ ಬರ್ಬೇಕು.

ಕಾರು ಗುಜರಿಗೆ ಹೋಯ್ತು. ಹೊಸದನ್ನ ಮಾತ್ರ ಬಿಚ್ಚಿ ತಂದು ಶೆಡ್ಡಲ್ಲಿಟ್ರು.

"ನಾಣಯ್ಯ ಹೆಂಗಿದ್ದಾನೋ?" ಅಂತ ಹಳೇದು ಕೇಳ್ತು.

"ನಂಗೊಂದು ಗೀರೂ ಬಿದ್ದಿಲ್ಲ, ನೋಡು," ಅಂತು ಹೊಸದು.