ಬಯಕೆಯ ಮಣ್ಣು

"ಗುರುಗಳೇ, ಒಂದು ಪದ ನನ್ನನ್ನು ಮುಂದಕ್ಕೆ ಬಿಡುತ್ತಿಲ್ಲ" ಎಂದು ಶಿಷ್ಯ ಗುರುಪಾದ ಹೇಳಿದನು. "ಇಂಗ್ಲಿಷಿನ 'ವಾಂಟ್' ಎಂಬ ಪದ. ಸಣ್ಣ ಮಕ್ಕಳೂ ಬಳಸುವ ಪದ. ನಿಘಂಟು ತೆರೆದರೆ ಬೇಕು ಎಂದಿದೆ, ಆಸೆ ಎಂದಿದೆ, ಬಯಕೆ, ಹಂಬಲ, ಅಗತ್ಯ ಎಂದೂ ಇದೆ. ಅಷ್ಟಕ್ಕೇ ನಿಲ್ಲದೆ ಕೊರತೆ ಎಂದಿದೆ, ಬಡತನ ಎಂದಿದೆ. ಬೇಕೆನ್ನುವುದು ಬೇರೆ, ಇಲ್ಲದಿರುವುದು ಬೇರೆ ಅಲ್ಲವೇ? ಇಷ್ಟರಲ್ಲಿ ನಿಜವಾದ ಅರ್ಥ ಯಾವುದು?"

ಗುರುಪಾದ ಮಠದಲ್ಲೇ ಇದ್ದು ಓದುತ್ತಿದ್ದ ತರುಣ. ಮಠಕ್ಕೆ ಬರುವ ಪರಸ್ಥಳದವರೊಡನೆ ಮಾತನಾಡಲು ಅನುಕೂಲವಾಗಲೆಂದು ಗುರುಗಳೇ ಅವನಿಗೆ ಇಂಗ್ಲಿಷ್ ಕಲಿಯಲು ಹೇಳಿದ್ದರು. ಇದಕ್ಕಿಂತ ಕಷ್ಟದ ಪದಗಳನ್ನು ಅವನು ಯಾರನ್ನೂ ಕೇಳದೆ ಕಲಿತಿದ್ದನು. ಈ ಒಂದು ಪದವನ್ನು ಮಾತ್ರ ನಿನ್ನೆಯೂ ಕೇಳಿದ್ದನು, ಇಂದೂ ಕೇಳಿದನು. ಗುರುಗಳು ಅದನ್ನು ಗಮನಿಸಿದರು.

"ಆ ಪದ ನನಗೆ ತಿಳಿಯದು" ಎಂದರು ಗುರುಗಳು. "ಮಣ್ಣು ಬೇಡಿದ ಒಬ್ಬ ಸೊಸೆಯ ಕತೆ ಗೊತ್ತು. ಕೇಳು."

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದನು. ಗೋಡೆಗೆ ಬಳಿಯುವ ಸುಣ್ಣ ಮತ್ತು ಕೆಮ್ಮಣ್ಣನ್ನು ಗಾಡಿಯಲ್ಲಿ ಹೇರಿಕೊಂಡು ಊರೂರಿಗೆ ಹೋಗಿ ಮಾರುವುದು ಅವನ ಕಸುಬು. ಎಲ್ಲಿ ಯಾವ ಬಣ್ಣದ ಮಣ್ಣು ಸಿಗುತ್ತದೆ, ಯಾವುದು ಗೋಡೆಗೆ ಹಿಡಿಯುತ್ತದೆ, ಯಾವುದು ಉದುರುತ್ತದೆ ಎಂಬುದೆಲ್ಲ ಅವನಿಗೆ ತಿಳಿದಿತ್ತು. ಅವನಿಗೆ ಮದುವೆಯಾಯಿತು.

ಮದುವೆಯ ದಿನ ಒಂದು ಜಗಳವಾಯಿತು. ಜಗಳ ಬಹಳ ಸಣ್ಣದು. ಗಂಡಿನ ಕಡೆಯವರ ಪಂಕ್ತಿಗೆ ಹೋಳಿಗೆ ಬಡಿಸಿದಾಗ ತುಪ್ಪ ಮುಗಿದಿತ್ತು. ವ್ಯಾಪಾರಿಯ ತಾಯಿ ಎಲೆ ಬಿಟ್ಟು ಎದ್ದಳು. ಹೆಣ್ಣಿನ ತಂದೆ, "ತುಪ್ಪ ತಿನ್ನೋಕೆ ಬಂದವರು, ಸೊಸೆ ಕರಕೊಂಡು ಹೋಗೋಕೆ ಬಂದವರಲ್ಲ" ಎಂದುಬಿಟ್ಟನು. ಅಂದಿನಿಂದ ಎರಡು ಮನೆಗಳ ನಡುವೆ ಮಾತು ನಿಂತಿತು.

ಆ ಕಡೆಯ ಪದ್ಧತಿಯೊಂದನ್ನು ಇಲ್ಲಿ ಹೇಳಬೇಕು. ಮದುವೆಯಾದ ಮಗಳು ತಾನಾಗಿ ತವರಿಗೆ ಹೋಗುವಂತಿಲ್ಲ. ತವರಿನವರು ಬಂದು ಕರೆಯಬೇಕು, ಅತ್ತೆ ಒಪ್ಪಿ ಕಳಿಸಬೇಕು. ಹೆಣ್ಣಿನ ತಂದೆ, "ಅವರು ಮೊದಲು ಹೇಳಿ ಕಳಿಸಲಿ" ಎಂದನು. ಅತ್ತೆ, "ಅವರು ಮೊದಲು ಕರೆಯೋಕೆ ಬರಲಿ" ಎಂದಳು. ಯಾರೂ ಹೇಳಿ ಕಳಿಸಲಿಲ್ಲ. ಯಾರೂ ಕರೆಯಲು ಬರಲಿಲ್ಲ. ಹೀಗಾಗಿ ಆ ಹುಡುಗಿ ಮದುವೆಯ ದಿನ ಬಿಟ್ಟ ತವರನ್ನು ಮತ್ತೆ ಕಾಣಲಿಲ್ಲ.

ಅವಳು ಬಸುರಿಯಾದಳು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ಜನ ನಂಬುತ್ತಾರೆ. ಅತ್ತೆಯೂ ನಂಬಿದ್ದಳು. ಅವಳು ಬಾಯಲ್ಲಿ ಬಿರುಸು, ಕೆಟ್ಟವಳಲ್ಲ. ಸೊಸೆಯನ್ನು ಕೂರಿಸಿಕೊಂಡು, "ಏನು ಬೇಕು ಕೇಳು. ನಾಚಿಕೊಂಡರೆ ಮಗುವಿಗೆ ಕಷ್ಟ" ಎಂದಳು.

ಸೊಸೆಗೆ ತನ್ನ ತಾಯಿಯನ್ನು ನೋಡಬೇಕಾಗಿತ್ತು. ಆದರೆ ಹಾಗೆ ಹೇಳಿದರೆ, ನೀವು ಸೋಲಿರಿ ಎಂದು ಅತ್ತೆಗೆ ಹೇಳಿದಂತಾಗುತ್ತಿತ್ತು. ಅದಕ್ಕೆ ಅವಳು, "ಮಣ್ಣು ಬೇಕು" ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. ಮನಸ್ಸಿನಲ್ಲಿ ತುಂಬಿದ್ದುದರಲ್ಲಿ ಬಾಯಿಂದ ಹೊರಗೆ ಬರಬಹುದಾಗಿದ್ದದ್ದು ಆ ಮಾತೊಂದೇ. ಬಸುರಿಯರಿಗೆ ಮಣ್ಣು ತಿನ್ನುವ ಬಯಕೆ ಆಗುವುದುಂಟು. ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಅತ್ತೆ ನಕ್ಕು ಮಗನನ್ನು ಕರೆದಳು. "ನಿನ್ನ ಹೆಂಡತಿಗೆ ಹಲಸಿನ ಹಣ್ಣು ಬೇಡವಂತೆ, ಚಕ್ಕುಲಿ ಬೇಡವಂತೆ, ಮಣ್ಣು ಬೇಕಂತೆ. ನೀನು ಮಾರೋದೂ ಅದೇ, ಅವಳು ತಿನ್ನೋದೂ ಅದೇ. ಒಳ್ಳೆ ಜೋಡಿ ಕಣೋ!"

ವ್ಯಾಪಾರಿಗೆ ಇದು ಸುಲಭದ ಕೆಲಸವೆನಿಸಿತು. ಅವನು ತನ್ನಲ್ಲಿದ್ದ ಕೆಮ್ಮಣ್ಣು ಕೊಟ್ಟನು. ಅವಳು ನಾಲಗೆಗೆ ಮುಟ್ಟಿಸಿಕೊಂಡು, "ಇದಲ್ಲ" ಎಂದಳು. ಜೇಡಿಮಣ್ಣು ತಂದನು. ಇದಲ್ಲ. ಕೆರೆಯ ಗೋಡುಮಣ್ಣು ತಂದನು, ಹುತ್ತದ ಮಣ್ಣು ತಂದನು, ದೂರದ ಬೆಟ್ಟದ ಬಿಳಿಯ ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿ ತಂದನು. ಒಂದೊಂದಕ್ಕೂ ಒಂದೊಂದು ಹೆಸರು, ಒಂದೊಂದು ವಾಸನೆ. ಅವಳು ಎಲ್ಲವನ್ನೂ ಮೂಸಿ ನೋಡಿ ಪಕ್ಕಕ್ಕೆ ಇಟ್ಟಳು. ದಿನದಿನಕ್ಕೆ ಅವಳು ಊಟ ಕಡಿಮೆ ಮಾಡಿದಳು. ಹೊಟ್ಟೆಯಲ್ಲಿನ ಮಗುವಿಗೆ ಏನಾಗುವುದೋ ಎಂದು ಮನೆಯವರಿಗೆ ಭಯವಾಯಿತು.

ಕೊನೆಗೆ ವ್ಯಾಪಾರಿ, "ಮತ್ತೆ ಯಾವ ಮಣ್ಣು, ಮಾರಾಯ್ತಿ?" ಎಂದು ಕೇಳಿದನು.

"ನಮ್ಮ ಹಿತ್ತಲ ಬಾವಿ ಪಕ್ಕದ್ದು. ಅವ್ವ ಕೊಡ ಇಳಿಸೋ ಜಾಗದ್ದು" ಎಂದಳು.

ಅವನು ತಾಯಿಯ ಮುಖ ನೋಡಿದನು. ತಾಯಿ, "ಮಣ್ಣು ತಾನೇ? ತಗೊಂಡು ಬಾ. ಅವರ ಮನೆಯಲ್ಲಿ ಹನಿ ನೀರು ಕುಡಿದೀಯೆ, ಜೋಕೆ" ಎಂದಳು.

ಅವನು ಗಾಡಿ ಕಟ್ಟಿಕೊಂಡು ಹೋದನು. ಮಾವ ಜಗಲಿಯಲ್ಲಿ ಕುಳಿತಿದ್ದನು. ಅಳಿಯನನ್ನು ಕಂಡು ಮುಖವನ್ನು ಆಚೆಗೆ ತಿರುಗಿಸಿದನು. ಇವನೂ ಮಾತಾಡಿಸದೆ ಹಿತ್ತಲಿಗೆ ಹೋಗಿ, ಬಾವಿಯ ಪಕ್ಕದಲ್ಲಿ ಅಗೆಯತೊಡಗಿದನು. ಸದ್ದು ಕೇಳಿ ಹುಡುಗಿಯ ತಾಯಿ ಹೊರಗೆ ಬಂದಳು.

"ಇದೇನಪ್ಪ, ಅಳಿಯಂದಿರು ನಮ್ಮ ಹಿತ್ತಲಲ್ಲಿ ಅಗೀತಿದ್ದೀರಿ?"

"ನಿಮ್ಮ ಮಗಳಿಗೆ ಬಯಕೆ. ಈ ಮಣ್ಣೇ ಬೇಕಂತೆ."

ಎರಡು ಮನೆಗಳ ನಡುವೆ ಮಾತಿರಲಿಲ್ಲ ಎಂದೆನಲ್ಲ. ಮಗಳು ಬಸುರಿ ಎಂಬ ಸುದ್ದಿ ಆ ತಾಯಿಗೆ ಮುಟ್ಟಿದ್ದು ಆಗಲೇ. ಅವಳು ಬಾವಿಯ ಕಟ್ಟೆಯನ್ನು ಹಿಡಿದುಕೊಂಡು ನಿಂತಳು. "ಎಷ್ಟು ತಿಂಗಳು?" ಎಂದು ಮಾತ್ರ ಕೇಳಿದಳು. "ಏಳು" ಎಂದನು. ಗಂಡ ಜಗಲಿಯಲ್ಲಿದ್ದನು. ಅವಳು ಮತ್ತೇನೂ ಕೇಳಲಿಲ್ಲ. ಅಳಿಯನ ಕೈಯಿಂದ ಬುಟ್ಟಿ ತೆಗೆದುಕೊಂಡು ತಾನೇ ಮಣ್ಣು ತುಂಬಿದಳು. ಕಲ್ಲು, ಕಡ್ಡಿ ಆರಿಸಿ ಎಸೆದಳು. ದಾರಿಯಲ್ಲಿ ಗಾಳಿಗೆ ಹಾರಿಹೋಗದಿರಲೆಂದು ನೀರು ಚಿಮುಕಿಸಿ, ಎರಡೂ ಅಂಗೈಯಿಂದ ಒತ್ತಿ ಒತ್ತಿ ಸಮ ಮಾಡಿದಳು. ಆಮೇಲೆ ಬುಟ್ಟಿಯನ್ನು ಗಾಡಿಯಲ್ಲಿಟ್ಟು ಒಳಗೆ ಹೋದಳು.

ದಾರಿಯುದ್ದಕ್ಕೂ ಬಿಸಿಲಿತ್ತು. ಮನೆ ಮುಟ್ಟುವಾಗ ಮಣ್ಣು ಒಣಗಿ ಗಟ್ಟಿಯಾಗಿತ್ತು. ವ್ಯಾಪಾರಿ ಬುಟ್ಟಿಯನ್ನು ಹೆಂಡತಿಯ ಮುಂದಿಟ್ಟನು. ಮಣ್ಣಿನ ಮೇಲೆ ಎರಡು ಅಂಗೈಗಳ ಗುರುತು ಮೂಡಿತ್ತು. ಬಲಗೈಯ ಕಿರುಬೆರಳು ಸ್ವಲ್ಪ ಸೊಟ್ಟಗಿತ್ತು. ಅದು ಯಾರ ಬೆರಳೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ಆ ಗುರುತುಗಳ ಮೇಲೆ ತನ್ನ ಎರಡು ಅಂಗೈಗಳನ್ನು ಇಟ್ಟಳು. ಇಟ್ಟವಳು ತೆಗೆಯಲಿಲ್ಲ.

"ತಿನ್ನು, ಇದಕ್ಕೋಸ್ಕರ ಎತ್ತು ದಣಿದಿವೆ" ಎಂದನು ವ್ಯಾಪಾರಿ.

"ತಿಂದರೆ ಮುಗಿದುಹೋಗ್ತದೆ" ಎಂದಳು ಅವಳು.

ವ್ಯಾಪಾರಿಗೆ ಅರ್ಥವಾಗಲಿಲ್ಲ. ಇಷ್ಟು ದಿನ ಬೇಡಿದ ಮಣ್ಣು ಸಿಕ್ಕಿದ ಮೇಲೆ ತಿನ್ನದೆ ಇರುವುದು ಅವನಿಗೆ ಹುಚ್ಚಾಗಿ ಕಂಡಿತು. ಅತ್ತೆ ಅಡುಗೆಮನೆಯಿಂದ ಬಂದಳು. ಏನೋ ಕೊಂಕು ಆಡಲೆಂದೇ ಬಂದವಳು. ಅವಳು ಬುಟ್ಟಿಯನ್ನು ನೋಡಿದಳು, ಸೊಸೆಯ ಕೈಗಳನ್ನು ನೋಡಿದಳು, ಸೊಸೆಯ ಬೆರಳುಗಳ ಆಚೆ ಉಳಿದು ಕಾಣುತ್ತಿದ್ದ ದೊಡ್ಡ ಬೆರಳುಗಳ ಗುರುತನ್ನು ನೋಡಿದಳು. ಅವಳೂ ಒಂದು ಕಾಲದಲ್ಲಿ ತವರು ಬಿಟ್ಟು ಬಂದವಳೇ.

"ಎತ್ತಿಗೆ ನೀರು ಕುಡಿಸು, ಮೇವು ಹಾಕು" ಎಂದಳು ಮಗನಿಗೆ. "ಬೆಳಗಾಗ್ತಲೇ ಇವಳನ್ನು ತವರಿಗೆ ಬಿಟ್ಟು ಬಾ. ಹೆರಿಗೆ ಅಲ್ಲೇ ಆಗಲಿ."

"ಅವರ ಕಡೆಯಿಂದ ಯಾರೂ ಕರೆಯೋಕೆ ಬಂದಿಲ್ಲವಲ್ಲ, ಅವ್ವ?"

"ಕಣ್ಣು ಕಾಣಲ್ವೇನೋ ನಿನಗೆ? ಇವಳವ್ವ ಬುಟ್ಟಿಯಲ್ಲಿ ಕೂತು ಬಂದಿದ್ದಾಳಲ್ಲ."

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಗುರುಪಾದ ಹೇಳಿದನು: "ತಿಳಿಯಿತು, ಗುರುಗಳೇ. ವ್ಯಾಪಾರಿ ಮಣ್ಣಿನ ಜಾತಿಗಳನ್ನು ಒಂದೊಂದಾಗಿ ತಂದ ಹಾಗೆ ನಾನು ಪದದ ಅರ್ಥಗಳನ್ನು ಒಂದೊಂದಾಗಿ ತಂದೆ. ಅವಳು ಬಾಯಲ್ಲಿ ಕೇಳಿದ್ದು ಒಂದು, ಅವಳಿಗೆ ಇಲ್ಲದೆ ಹೋಗಿದ್ದು ಇನ್ನೊಂದು. ಆದರೂ ಕೇಳುತ್ತೇನೆ. ಆ ಪದದ ಮುಂದೆ ನಾನು ಏನೆಂದು ಬರೆದುಕೊಳ್ಳಲಿ?"

ಗುರುಗಳು ಅವನ ಮುಖವನ್ನೇ ನೋಡಿ ಕೇಳಿದರು:

"ನಿನ್ನ ತಾಯಿಯನ್ನು ನೋಡಿ ಎಷ್ಟು ದಿನವಾಯಿತು, ಗುರುಪಾದ?"