ಕೂಸು ಹಿಡಿದ ಕೈ

ಎಲ್ಲೋ ಒಂದೂರು, ಯಾವಾಗಲೋ ಒಂದು ಕಾಲ. ಆಗ ಮನುಷ್ಯರಿಗೆ ಎಡಗೈ ಬಲಗೈ ಎರಡೂ ಒಂದೇ ಆಗಿದ್ದವಂತೆ. ರಾಗಿ ಬೀಸುವಾಗ ಒಂದು ಕೈ ಸೋತರೆ ಇನ್ನೊಂದು ಕೈ ಬೀಸೋಕಲ್ಲಿನ ಗೂಟ ಹಿಡಿಯೋದು. ಉಣ್ಣೋದೂ ಅಷ್ಟೆ, ಯಾವ ಕೈ ತಟ್ಟೆಗೆ ಹತ್ತಿರವೋ ಅದರಲ್ಲೇ. ಜಗಳವೇ ಇಲ್ಲ.

ಆ ಊರಲ್ಲಿ ಕೆಂಚವ್ವ ಅನ್ನೋಳು ಒಬ್ಬಳು. ಅವಳಿಗೆ ದಿನ ತುಂಬುವ ಮೊದಲೇ ಒಂದು ಗಂಡು ಕೂಸು ಹುಟ್ಟಿತಂತೆ. ಕೆಳಗೆ ಮಲಗಿಸಿದರೆ ಅಳೋದು, ಬಲಕ್ಕೆ ಎತ್ತಿಕೊಂಡರೂ ಅಳೋದು, ಅತ್ತು ಅತ್ತು ಮೈ ನೀಲಿಗಟ್ಟೋದು. ಎಡಕ್ಕೆ ಎತ್ತಿಕೊಂಡರೆ ಮಾತ್ರ ಅವ್ವನ ಎದೆ ಬಡಿಯೋದು ಕೇಳಿಸಿಕೊಂಡು ನಿದ್ದೆ ಮಾಡೋದು. ಸೂಲಗಿತ್ತಿ ನೋಡಿ, ಇದು ಉಳಿದರೆ ಅಲ್ಲೇ ಉಳೀಬೇಕು ಅಂದಳಂತೆ.

ಆದರೆ ಮನೇಲಿ ಹಿಟ್ಟಿಲ್ಲ. ಕೆಂಚವ್ವ ಬೀಸೋಕೆ ಕೂತಳು. ಬಲಗೈ ಬೀಸಿತು, ಬೀಸಿತು, ಸೋತಿತು. ವಾಡಿಕೆಯಂತೆ ಎಡಗೈಯನ್ನು ಕರೀತಂತೆ.

"ಬಾರಕ್ಕ, ಈಗ ನಿನ್ನ ಸರದಿ."

"ನಾನು ಬಂದರೆ ಕೂಸು ಉಳಿಯಲ್ಲ ಕಣೆ. ನನ್ನ ಪಾಲಿಂದೂ ನೀನೇ ಮಾಡು," ಅಂತ ಎಡಗೈ ಹೇಳಿತಂತೆ.

ಬಲಗೈಗೆ ಸಿಟ್ಟು ಬಂತು. ಆದರೆ ಕೂಸಿನ ಮುಖ ನೋಡಿ ಮತ್ತೆ ಗೂಟ ಹಿಡೀತು. ಬೀಸಿತು, ಮುದ್ದೆ ಕಟ್ಟಿತು, ಕಸ ಗುಡಿಸಿತು, ತುತ್ತು ಎತ್ತಿ ಬಾಯಿಗಿಟ್ಟಿತು. ಮಾಡ್ತಾ ಮಾಡ್ತಾ ಅದು ಪಳಗಿತು. ಎಡಗೈಗೆ ಕೂಸು ಹಿಡಿಯೋದು ಬಿಟ್ಟು ಬೇರೆಲ್ಲ ಮರೆತೇಹೋಯಿತು. ಅಂತೂ ಕೂಸು ಉಳೀತು. ಅದನ್ನ ನೋಡಿ ಊರ ತಾಯಂದಿರೆಲ್ಲ ಹಾಗೇ ಎತ್ತಿಕೊಳ್ಳೋಕೆ ಶುರುಮಾಡಿದರಂತೆ, ಮಕ್ಕಳು ಕಂಡದ್ದನ್ನೇ ಕಲಿತವಂತೆ.

ಜನ ಹೇಗೆ ಅಂತ ಗೊತ್ತಲ್ಲ. ಬಲಗೈಗೆ ಉಂಗುರ, ಮರ್ಯಾದೆ, ಎಡಗೈಗೆ ಮೂದಲಿಕೆ. ಯಾಕೆ ಹೀಗಾಯಿತು ಅನ್ನೋದನ್ನೇ ಮರೆತುಬಿಟ್ಟರು.

ಆ ಕೂಸು ಬೆಳೆದು ಬೊಮ್ಮಣ್ಣ ಆದ. ಅವನಿಗೊಬ್ಬಳು ಮಗಳು, ದ್ಯಾವಿ. ಹಳೇ ಕಾಲದ ನೆನಪು ಅವಳ ಎಡಗೈಗೆ ಇನ್ನೂ ಉಳಿದಿತ್ತೋ ಏನೋ, ಅದರಲ್ಲೇ ಉಣ್ಣೋಳು. ಬೊಮ್ಮಣ್ಣ ಬೈದ, ಗದರಿದ, ಕೊನೆಗೆ ಪಂಚೆಯ ಅಂಚು ಹರಿದು ಆ ಕೈಯನ್ನು ಬೆನ್ನ ಹಿಂದೆ ಕಟ್ಟಿಬಿಟ್ಟ. ಹುಡುಗಿ ಉಣ್ಣದೆ ದಿನದಿನಕ್ಕೆ ಸೊರಗಿದಳಂತೆ.

ಮುದುಕಿ ಕೆಂಚವ್ವ ಬಂದು ಮೊಮ್ಮಗಳ ಕಟ್ಟು ಬಿಚ್ಚಿದಳು. ಮಗನ ಮುಂದೆ ತನ್ನ ಎಡಗೈ ಚಾಚಿದಳು. ಕೂಸು ಹಿಡಿದೂ ಹಿಡಿದೂ ಅದು ಪೂರ್ತಿ ನೆಟ್ಟಗಾಗುತ್ತಲೇ ಇರಲಿಲ್ಲವಂತೆ.

"ಇದರ ಮೇಲೆ ಮಲಗೇ ನೀನು ಬದುಕಿದ್ದು ಮಗ. ಕಟ್ಟೋದಾದರೆ ಮೊದಲು ಇದನ್ನ ಕಟ್ಟು."

ಬೊಮ್ಮಣ್ಣ ಅತ್ತುಬಿಟ್ಟ. ಆಮೇಲೆ ತಾನೇ ತುತ್ತು ಕಟ್ಟಿ ಮಗಳ ಎಡಗೈಗೆ ಇಟ್ಟನಂತೆ.

ಹೀಗಾಗಿ ಹೆಚ್ಚು ಜನಕ್ಕೆ ಬಲಗೈ, ಅಲ್ಲೊಬ್ಬರಿಗೆ ಇಲ್ಲೊಬ್ಬರಿಗೆ ಎಡಗೈ. ಕಥೆ ಅವರ ಹಟ್ಟೀಲೇ ಉಳೀತು, ನಾವು ಕೈ ತೊಳೆದು ಊಟಕ್ಕೆ ಕೂತೆವು. ಎರಡೂ ಕೈ ತೊಳೆದು.